ಯಾಕ್ರೀ, ಬಸ್ ತಪ್ಪಿತಾ?

ನಮ್ಮ ಶಿವಮೊಗ್ಗದಲ್ಲಿ ನಡೆಯುವವರನ್ನು ಯಾರೂ ಏನೂ ಕೇಳುವುದಿಲ್ಲ. ಬೆಳಗ್ಗೆ ಆರಕ್ಕೆ ನೆಹರೂ ಕ್ರೀಡಾಂಗಣದ ಕಡೆ ಹೋಗಿ ನೋಡಿ. ಮಂಕಿಕ್ಯಾಪು, ಸ್ವೆಟರು ಹಾಕಿಕೊಂಡು ಅರ್ಧ ಊರೇ ನಡೆಯುತ್ತಿರುತ್ತದೆ. ಸಕ್ಕರೆ ಕಾಯಿಲೆ, ಅಡಿಕೆ ರೇಟು, ಮಗಳಿಗೆ ಬಂದ ಸಂಬಂಧ, ಎಲ್ಲವೂ ಅಲ್ಲೇ ಇತ್ಯರ್ಥ. ಆದರೆ ಐವತ್ತರ ಹತ್ತಿರದ ಹೆಂಗಸೊಬ್ಬಳು ರಸ್ತೆಯಲ್ಲಿ ಓಡಿದಳೋ, ಊರಿಗೆ ಗಾಬರಿ. ಯಾರಿಗೆ ಏನಾಯ್ತು? ಮನೇಲಿ ಎಲ್ಲ ಹುಷಾರಾಗಿದ್ದಾರಾ? ಬಸ್ ತಪ್ಪಿತಾ?

ಓಡಬೇಕು ಅಂತ ನನಗೇನೂ ಕನಸು ಬಿದ್ದಿರಲಿಲ್ಲ. ಬೆಂಗಳೂರಿನಲ್ಲಿರುವ ಮಗಳು ಅಲ್ಲಿನ ಐದು ಕಿಲೋಮೀಟರ್ ಓಟಕ್ಕೆ ಅಪ್ಪ ಅಮ್ಮ ಇಬ್ಬರ ಹೆಸರನ್ನೂ ಬರೆಸಿಬಿಟ್ಟಳು. ಟೀಶರ್ಟ್ ಬೇರೆ ಫ್ರೀ ಅಂದಳು. ಫ್ರೀ ಅಂದಮೇಲೆ ನಮ್ಮ ಮನೆಯವರು ಬಿಡುವ ಪೈಕಿ ಅಲ್ಲ.

ನಮ್ಮ ಬೀದಿಯಲ್ಲಿ ರಿಟೈರಾದ ಪಿ.ಇ. ಮೇಷ್ಟ್ರೊಬ್ಬರಿದ್ದಾರೆ. ಅವರನ್ನು ಕೇಳಿದೆವು. "ಮೊದಲು ದಮ್ಮು, ಆಮೇಲೆ ಸ್ಪೀಡು" ಅಂದರು. ಒಂದು ನಿಮಿಷ ಓಡಿ, ಒಂದೂವರೆ ನಿಮಿಷ ನಡೆಯಿರಿ. ಹೀಗೇ ಇಪ್ಪತ್ತು ನಿಮಿಷ. ವಾರಕ್ಕೆ ಮೂರು ದಿನ ಸಾಕು. ಓಡುವಾಗ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಬರಬೇಕು. ಮಾತು ತುಂಡಾಯಿತು ಅಂದರೆ ಜೋರಾಯಿತು ಅಂತ ಲೆಕ್ಕ, ನಿಧಾನ ಮಾಡಿ. ಇಷ್ಟೇ ಪಾಠ.

ನಮ್ಮ ಮನೆಯವರಿಗೆ ಇದು ಅವಮಾನ ಅನಿಸಿತು. ಕಾಲೇಜಿನಲ್ಲಿ ನೂರು ಮೀಟರ್ ಓಟದಲ್ಲಿ ಅವರಿಗೆ ಕಪ್ ಬಂದಿತ್ತಂತೆ. ಹೆಣ್ಣು ನೋಡಲು ಬಂದ ದಿನವೇ ಆ ಕಪ್ಪಿನ ವಿಷಯ ಬಂದಿತ್ತು. ನಾನು ಆ ಕಪ್ಪನ್ನು ಇವತ್ತಿನವರೆಗೂ ಕಂಡಿಲ್ಲ, ಇರಲಿ. "ಮಾತಾಡೋದಕ್ಕೆ ಓಡಬೇಕಾ? ಮನೇಲೇ ಕೂತು ಮಾತಾಡಬಹುದಲ್ಲ" ಅಂತ ಹೇಳಿ, ಕೈಗೊಂದು ವಾಚು ತರಿಸಿಕೊಂಡರು. ಅದು ಎದೆಬಡಿತ ಎಣಿಸುತ್ತದೆ. 220ರಲ್ಲಿ ವಯಸ್ಸು ಕಳೆದರೆ ಎದೆ ಅತಿ ಹೆಚ್ಚೆಂದರೆ ಎಷ್ಟು ಬಡಿಯಬಹುದು ಅನ್ನುವ ಅಂದಾಜು ಸಿಗುತ್ತದೆ. ಅವರಿಗೆ ಐವತ್ತು, ಅಂದರೆ 170. ಅಂದಾಜು ಅಷ್ಟೇ. ಒಬ್ಬರಿಂದ ಒಬ್ಬರಿಗೆ ಹತ್ತು ಹೆಚ್ಚು ಕಡಿಮೆ ಆಗುವುದು ಮಾಮೂಲು. ಹೊಸದಾಗಿ ಓಡುವವರು 120ರ ಒಳಗೆ ಇದ್ದರೆ ಒಳ್ಳೆಯದು ಅಂತ ಮೇಷ್ಟ್ರು ಹೇಳಿದ್ದರು. ನಮ್ಮವರು 170 ಅನ್ನುವುದನ್ನು ಪರೀಕ್ಷೆಯ ಪೂರ್ಣ ಅಂಕ ಅಂದುಕೊಂಡರು. ಬೀದಿ ತಿರುವು ದಾಟುವುದರೊಳಗೆ ವಾಚು ಕುಂಯ್‌ಗುಟ್ಟಲು ಶುರು. "ನೋಡು, 165!" ಅಂತ ತೋರಿಸಿದರು. ತೋರಿಸಿದರು ಅಷ್ಟೇ. ಹೇಳಲು ಉಸಿರಿರಲಿಲ್ಲ.

ಆ ವಾರವೇ ಮೀನಖಂಡ ಹಿಡಿದುಕೊಂಡಿತು. ಮನೆಯೆಲ್ಲ ನೋವಿನೆಣ್ಣೆ ವಾಸನೆ. ಮಂಚದ ಮೇಲೆ ಕಾಲು ಚಾಚಿಕೊಂಡಿದ್ದವರನ್ನು ನೋಡಲು ಬಂದ ಮೇಷ್ಟ್ರು ಕಾಫಿ ಕುಡಿಯುತ್ತಾ ಒಂದು ಕತೆ ಹೇಳಿದರು. ನ್ಯೂಜಿಲೆಂಡಿನಲ್ಲಿ ಆರ್ಥರ್ ಲಿಡಿಯರ್ಡ್ ಅಂತ ಒಬ್ಬ ಕೋಚ್ ಇದ್ದನಂತೆ. ಹೊಟ್ಟೆಪಾಡಿಗೆ ಶೂ ಕಾರ್ಖಾನೆಯಲ್ಲಿ ಕೆಲಸ. ತನ್ನ ಹುಡುಗರನ್ನು ವಾರಕ್ಕೆ 160 ಕಿಲೋಮೀಟರಿನ ತನಕ ಓಡಿಸುತ್ತಿದ್ದ. ಪೀಟರ್ ಸ್ನೆಲ್ ಅನ್ನುವವನು ಓಡಬೇಕಿದ್ದದ್ದು ಬರೀ 800 ಮೀಟರ್. ಅವನನ್ನೂ ಬಿಡಲಿಲ್ಲ. ಗುಡ್ಡ ಹತ್ತಿಸಿ ಇಳಿಸಿ ಒಂದೇ ಸಲಕ್ಕೆ 35 ಕಿಲೋಮೀಟರ್ ಓಡಿಸಿದ. ಸ್ಪೀಡಿನ ಅಭ್ಯಾಸವೆಲ್ಲ ಅದಾದ ಮೇಲೆ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಸ್ನೆಲ್‌ಗೆ 800 ಮೀಟರಿನಲ್ಲಿ ಚಿನ್ನ. ಅದೇ ದಿನ ಲಿಡಿಯರ್ಡನ ಇನ್ನೊಬ್ಬ ಹುಡುಗ ಮರ್ರೆ ಹಾಲ್ಬರ್ಗ್‌ಗೆ 5000 ಮೀಟರಿನಲ್ಲಿ ಚಿನ್ನ.

"ನಿಧಾನವಾಗಿ ಓಡ್ತಾ ಓಡ್ತಾ ಎದೆ ಒಂದು ಬಡಿತಕ್ಕೆ ಜಾಸ್ತಿ ರಕ್ತ ತಳ್ಳೋದು ಕಲೀತದೆ ಸಾರ್. ಕಾಲಿನ ಮಾಂಸಖಂಡದಲ್ಲಿ ಹೊಸ ಸಣ್ಣ ರಕ್ತನಾಳ ಹುಟ್ಕೊಳ್ತವೆ. ಇದೆಲ್ಲ ಕೆಲವು ವಾರದಲ್ಲಿ ಶುರುವಾಗ್ತದೆ. ಆದ್ರೆ ಮಾಂಸಖಂಡವನ್ನ ಎಲುಬಿಗೆ ಕಟ್ಟಿರೋ ಹುರಿ ಇದೆ ನೋಡಿ, ಅದಕ್ಕೆ ರಕ್ತ ಹೋಗೋದೇ ಕಮ್ಮಿ. ಅದು ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು. ಉಸಿರು ರೆಡಿ ಅಂತ ನೀವು ಹೊರಟ್ರಿ, ಕಾಲು ಇನ್ನೂ ರೆಡಿ ಇರಲಿಲ್ಲ."

ಅವರ ಉಸಿರಾದರೂ ಎಲ್ಲಿ ರೆಡಿ ಇತ್ತು ಅಂತ ನಾನು ಕೇಳಲಿಲ್ಲ. ತೀರ್ಥಹಳ್ಳಿ ಕಡೆಯಿಂದ ಫೋನ್ ಮಾಡಿದ ಮಾವನವರು ಮಾತ್ರ ಸುಮ್ಮನಿರಲಿಲ್ಲ. "ಅಡಿಕೆ ಸಸಿ ನೆಟ್ಟ ಮರುವರ್ಷವೇ ಕೊನೆ ತೆಗೆಯಕ್ಕೆ ದೋಟಿ ಹುಡುಕಿದ್ಯಲ್ಲ ಮಾರಾಯ" ಅಂದರು ಮಗನಿಗೆ.

ಇತ್ತ ನನಗೆ ಮೇಷ್ಟ್ರ ಮಾತಿನ ಲೆಕ್ಕ ಬಹಳ ಹಿಡಿಸಿತು. ವಾಚಿನ ಖರ್ಚಿಲ್ಲ, ಚಾರ್ಜ್ ಮಾಡುವ ರಗಳೆಯಿಲ್ಲ. ಅಳೆದು ಹೇಳಲು ಊರೇ ಇದೆ. ಮೊದಮೊದಲು "ಯಾಕ್ರೀ ಓಡ್ತಿದ್ದೀರಿ?" ಅಂತ ಹಾಲಿನ ಬೂತಿನವರು ಕೇಳಿದರೆ ತಲೆ ಆಡಿಸುವುದಷ್ಟೇ ಸಾಧ್ಯವಾಗುತ್ತಿತ್ತು. ಆಮೇಲೆ ಬಾಯಿಂದ "ಸುಮ್ನೆ" ಬಂತು. ಹೂವಿನವಳಿಗೆ "ಸುಮ್ನೆ ಕಣೇ, ಮಗಳು ಹೆಸರು ಕೊಟ್ಟಿದಾಳೆ" ಅಂತ ನಿಲ್ಲದೆ ಹೇಳಿ ಮುಗಿಸಿದ ದಿನ ನನಗೆ ರೋಮ್‌ನಲ್ಲಿ ಗೆದ್ದಷ್ಟೇ ಸಂತೋಷ.

ಆದರೆ ದಮ್ಮು ಸಾಲದೆ ಹೋದರೆ ಏನಾಗುತ್ತದೆ ಅನ್ನುವುದು ಗೊತ್ತಾದದ್ದು ಮಳೆಗಾಲದಲ್ಲಿ, ಮಾವನ ಮನೆಗೆ ಹೋದಾಗ. ಅಲ್ಲಿ ಸಪಾಟು ರಸ್ತೆ ಅನ್ನುವುದೇ ಇಲ್ಲ. ಗೇಟು ದಾಟಿದರೆ ಏರು, ಏರು ಮುಗಿದರೆ ಇಳುಕಲು, ವಾಪಸ್ ಬರುವಾಗ ಅದೇ ಏರು. ಒಂದು ನಿಮಿಷಕ್ಕೇ ಮಾತು ನಿಂತಿತು. ಅಷ್ಟರಲ್ಲಿ ಹಿಂದಿನಿಂದ ಬಂದ ಬಸ್ಸು ಪಕ್ಕದಲ್ಲೇ ನಿಧಾನ ಮಾಡಿತು. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ "ಅಕ್ಕಾ, ಗಡಿಬಿಡಿ ಬೇಡ, ಹತ್ತಿ ಹತ್ತಿ" ಅಂದ. ನಾನು ಬರುವುದಿಲ್ಲ ಅನ್ನಬೇಕು. ಉಸಿರಿಲ್ಲ. ಕೈ ಬೀಸಿದೆ. ಮಲೆನಾಡಿನಲ್ಲಿ ಬಸ್ಸಿಗೆ ಕೈ ಬೀಸಿದರೆ ಏನರ್ಥ ಅಂತ ನಿಮಗೇ ಗೊತ್ತಲ್ಲ. ಬಸ್ಸು ಪೂರ್ತಿ ನಿಂತಿತು. ಒಳಗಿದ್ದ ಅಜ್ಜಿಯೊಬ್ಬರು ನನ್ನ ಕೈ ಹಿಡಿದು ಎಳೆದುಕೊಂಡು, ಪಕ್ಕದಲ್ಲಿ ಕೂರಿಸಿಕೊಂಡು, ಬೆನ್ನು ಸವರಿ, ನೀರು ಕೊಟ್ಟರು. ನನಗೆ ಮಾತು ಬರುವ ಹೊತ್ತಿಗೆ ಮುಂದಿನ ಸ್ಟಾಪ್ ಬಂದಿತ್ತು. ಟಿಕೆಟಿಗೆ ದುಡ್ಡಿಲ್ಲ. "ನಾಳೆ ಕೊಡಿ, ಹೆಂಗೂ ಓಡ್ತಾ ಬರ್ತೀರಲ್ಲ" ಅಂದ ಕಂಡಕ್ಟರ್.

ಅಲ್ಲಿಂದ ಮನೆಗೆ ವಾಪಸ್ ಬಂದದ್ದು ಉಂಬಳಗಳ ಜೊತೆ. ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ ಅಂತ ಲೆಕ್ಕ ಹಾಕಿದವರು ಯಾರೋ ಉಂಬಳ ಇಲ್ಲದ ಊರಿನವರೇ ಇರಬೇಕು. ನೆಲ ಅದುರಿದ್ದು, ನಮ್ಮ ಉಸಿರು, ಮೈ ಬಿಸಿ ಎಲ್ಲ ಅವಕ್ಕೆ ತಿಳಿಯುತ್ತದೆ. ನಾನು ಓಡಿದಾಗ ಎಚ್ಚರವಾಗುತ್ತಿದ್ದವು, ನಡೆದಾಗ ಹತ್ತಿಕೊಳ್ಳುತ್ತಿದ್ದವು. ಅಂಗಳಕ್ಕೆ ಬಂದು ಸಾಕ್ಸ್ ಬಿಚ್ಚಿದರೆ ಕಾಲೆಲ್ಲ ರಕ್ತ. ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಸ್ತು ಇರುತ್ತದೆ. ಹಾಗಾಗಿ ಅದು ಬಿದ್ದುಹೋದ ಮೇಲೂ ಸುರಿಯುತ್ತಲೇ ಇರುತ್ತದೆ. ಅತ್ತೆ ಎಲೆ ಪೆಟ್ಟಿಗೆಯಿಂದ ಸುಣ್ಣ ತಂದು, ಇನ್ನೂ ಕಚ್ಚಿಕೊಂಡಿದ್ದವಕ್ಕೆ ಮುಟ್ಟಿಸುತ್ತಾ, "ಎಂತಕ್ಕೆ ಬೇಕಿತ್ತು ಇದು? ಕೊಟ್ಟಿಗೆ ಕೆಲಸ ಬೇಕಾದಷ್ಟು ಇದೆ" ಅಂದರು. ಅವರ ಮಾತಿನಲ್ಲೂ ನ್ಯಾಯ ಇತ್ತು.

ಬೆಂಗಳೂರಿನ ಓಟ ಆಯಿತು. ನಾನು ಮುಗಿಸಿದೆ. ನಮ್ಮ ಮನೆಯವರು ಅರ್ಧ ನಡೆದು, ಅರ್ಧ ಓಡಿ, ಅವರೂ ಮುಗಿಸಿದರು. ಟೀಶರ್ಟ್ ಅವರಿಗೆ ಹೊಟ್ಟೆಯ ಹತ್ತಿರ ಬಿಗಿ. ಮೇಷ್ಟ್ರು ಇನ್ನೂ ಸ್ಪೀಡಿನ ಪಾಠ ಶುರು ಮಾಡಿಲ್ಲ. ನಾನೂ ಕೇಳಿಲ್ಲ.

ಮೊನ್ನೆ ಬೆಳಗ್ಗೆ ಓಡುತ್ತಿದ್ದೆ. ಅಪ್ಪೆಮಿಡಿ ಕಾಲ. ಎದುರುಮನೆ ಅಕ್ಕ ಸ್ಕೂಟರಿನಲ್ಲಿ ಪಕ್ಕಕ್ಕೆ ಬಂದು, ಮಿಡಿ ಬಂದಿದೆ, ನಿಮ್ಮತ್ತೆ ಉಪ್ಪಿನಕಾಯಿ ಹೆಂಗೆ ಹಾಕ್ತಾರೆ ಅಂತ ಕೇಳಿದರು. ಹೇಳುತ್ತಾ ಓಡಿದೆ. ತೊಟ್ಟು ಸ್ವಲ್ಪ ಬಿಡಬೇಕು. ಕಲ್ಲುಪ್ಪು ಹಾಕಿ ಮಿಡಿ ಸುಕ್ಕಾಗುವ ತನಕ ದಿನಾ ಕೈಯಾಡಿಸಬೇಕು. ಉಪ್ಪುನೀರು ಕುದಿಸಿ ಪೂರ್ತಿ ಆರಿಸಬೇಕು. ಸಾಸಿವೆ, ಬ್ಯಾಡಗಿ ಮೆಣಸು, ಅರಿಸಿನ ರುಬ್ಬಬೇಕು. ಭರಣಿಯಲ್ಲಿ ಒಂದು ತೊಟ್ಟು ಹಸಿನೀರು ಇರಬಾರದು. ಒಂದು ಕಡೆಯೂ ಉಸಿರು ಕಟ್ಟಲಿಲ್ಲ. ಅಕ್ಕ ಮಾತ್ರ ಒಂದು ಕಾಲು ನೆಲಕ್ಕೆ ಊರಿ ಎತ್ತಿ, ಊರಿ ಎತ್ತಿ, ಹ್ಯಾಂಡಲ್ ಆ ಕಡೆ ಈ ಕಡೆ ಹೊರಳಿಸುತ್ತಾ ಒದ್ದಾಡುತ್ತಿದ್ದರು.

"ಇಂಗು ಹಾಕ್ತಾರಾ ಅಂತ ಆಮೇಲೆ ಕೇಳ್ತೀನಿ" ಅಂದರು. "ಈಗ ಸ್ವಲ್ಪ ಜೋರಾಗಿ ಓಡು ಮಾರಾಯ್ತಿ, ಗಾಡಿ ಬೀಳ್ತದೆ!"