ಮುದಿ ಗೋಡೆಗೆ ಮುದಿ ಆಸರೆ

ಅಮೆರಿಕನ್ ಫುಟ್‌ಬಾಲ್ ಆಟಗಾರ ಟೈರನ್ ಸ್ಮಿತ್ 2025ರ ಏಪ್ರಿಲ್‌ನಲ್ಲಿ ನಿವೃತ್ತರಾದರು. ಅದೂ ಹಳೇ ತಂಡ ಡಲ್ಲಾಸ್ ಕೌಬಾಯ್ಸ್ ಜೊತೆ ಒಂದೇ ಒಂದು ದಿನದ ಕರಾರು ಮಾಡಿಕೊಂಡು. ಕೊನೆಯ ವರ್ಷ ಆಡಿದ್ದು ನಮ್ಮ ನ್ಯೂಯಾರ್ಕ್ ಜೆಟ್ಸ್‌ಗೆ. ಹೊರಡುವಾಗ ಮಾತ್ರ ಹಳೇ ಮನೆಯ ಬಾಗಿಲಲ್ಲಿ ನಿಂತರು. ತಪ್ಪೇನಿಲ್ಲ ಬಿಡಿ. ಬಾಡಿಗೆ ಮನೆಯಲ್ಲಿ ಷಷ್ಟ್ಯಬ್ದಿ ಮಾಡಿಕೊಳ್ಳೋಕೆ ಯಾರಿಗೆ ತಾನೆ ಇಷ್ಟ?

‘ನಮ್ಮ’ ಅಂದೆ ಅಲ್ವಾ, ಅದಕ್ಕೊಂದು ವಿವರಣೆ ಬೇಕು. ನಾನಿರುವುದು ನ್ಯೂಜೆರ್ಸಿಯಲ್ಲಿ. ತಂಡದ ಹೆಸರಲ್ಲಿ ನ್ಯೂಯಾರ್ಕ್ ಇದ್ದರೂ ಮೈದಾನ ಇರುವುದು ಇಲ್ಲೇ ಈಸ್ಟ್ ರುದರ್‌ಫೋರ್ಡ್‌ನಲ್ಲಿ. ಹೆಸರು ಅವರದು, ಟ್ರಾಫಿಕ್ಕು ನಮ್ಮದು.

2024ರ ಮಾರ್ಚ್‌ನಲ್ಲಿ ಜೆಟ್ಸ್ ತನ್ನ ಅಫೆನ್ಸಿವ್ ಲೈನ್, ಅಂದ್ರೆ ಚೆಂಡು ಎಸೆಯುವವನ ಮುಂದೆ ಗೋಡೆಯಂತೆ ನಿಲ್ಲುವ ಐವರ ಸಾಲಿನ ರಿಪೇರಿಗೆ ಕೈಹಾಕಿದ್ದು ನೆನಪಿರಬೇಕು. ಎಡತುದಿಗೆ ಸ್ಮಿತ್ ಬಂದರು, ವಯಸ್ಸು 33. ಬಲತುದಿಗೆ ಮಾರ್ಗನ್ ಮೋಸಸ್, ಅವರಿಗೂ 33. ಇವರು ಕಾಯಬೇಕಾದ ಕ್ವಾರ್ಟರ್‌ಬ್ಯಾಕ್, ಅದೇ ಚೆಂಡು ಎಸೆಯುವ ಆ್ಯರನ್ ರಾಜರ್ಸ್‌ಗೆ 40. ನಮ್ಮ ಕಡೆ 33 ಅಂದ್ರೆ ಮನೆಯವರು ಇನ್ನೂ ಹೆಣ್ಣು ಹುಡುಕುತ್ತಿರುತ್ತಾರೆ. ಲೈನ್‌ಮನ್ ಲೆಕ್ಕದಲ್ಲಿ ಅದು ಪಿಂಚಣಿ ವಯಸ್ಸು. ಸ್ಮಿತ್ 2015ರ ನಂತರ ಒಂದು ಸೀಸನ್‌ನಲ್ಲೂ ಎಲ್ಲ ಪಂದ್ಯ ಆಡಿರಲಿಲ್ಲ. ಒಂದು ವರ್ಷ ಬೆನ್ನು, ಇನ್ನೊಂದು ವರ್ಷ ಕುತ್ತಿಗೆ. ಜೆಟ್ಸ್‌ಗೂ 10 ಪಂದ್ಯ ಆಡಿದರು. ಆಮೇಲೆ ಕುತ್ತಿಗೆ.

ಆದರೂ ಇದರಲ್ಲೊಂದು ದೂರದೃಷ್ಟಿ ಇದೆ, ಮೆಚ್ಚಬೇಕು. ಕಾಯುವವನಿಗೂ ಕಾಯಿಸಿಕೊಳ್ಳುವವನಿಗೂ ಒಂದೇ ಎಕ್ಸ್‌ರೇ ಮೆಷಿನ್ನು ಸಾಕು.

ಹಿಂದಿನ ವರ್ಷದ ಕಥೆ ಹೇಳಿಸಿಕೊಳ್ಳುವ ಅಗತ್ಯ ಯಾರಿಗೂ ಇಲ್ಲ. 2023ರ ಸೆಪ್ಟೆಂಬರ್ 11, ಸೋಮವಾರ ರಾತ್ರಿ. ರಾಜರ್ಸ್ ಬಾವುಟ ಹಿಡಿದು ಓಡಿ ಬಂದರು. ಆಡಿದ್ದು ನಾಲ್ಕು ಸ್ನ್ಯಾಪ್, ಅಂದ್ರೆ ಚೆಂಡು ಆಟಕ್ಕೆ ಬಂದದ್ದು ನಾಲ್ಕೇ ಸಲ. ಎಡಗಡೆ ಕಾವಲಿಗಿದ್ದವರು ಡ್ವೇನ್ ಬ್ರೌನ್, ವಯಸ್ಸು 38. ಅವರು ಎದುರಾಳಿ ಬಿಲ್ಸ್ ತಂಡದ ಲಿಯೊನಾರ್ಡ್ ಫ್ಲಾಯ್ಡ್‌ನ ಕಾಲಿಗೆ ಅಡ್ಡಬಿದ್ದರು. ಫ್ಲಾಯ್ಡ್ ತಪ್ಪಿಸಿಕೊಂಡು ಹೋಗಿ ರಾಜರ್ಸ್‌ರನ್ನು ಕೆಡವಿದ. ಅಲ್ಲಿಗೆ ಹಿಮ್ಮಡಿಯ ನರ ಕಿತ್ತಿತು, ಸೀಸನ್ ಮುಗಿಯಿತು. ಆಮೇಲೆ ಒಂದು ವಾರ ಎಲ್ಲರೂ ಮೈದಾನದ ಪ್ಲಾಸ್ಟಿಕ್ ಹುಲ್ಲನ್ನು ಬೈದರು. ನೆಲ ಡೊಂಕು ಅನ್ನುವುದು ನಮ್ಮಲ್ಲಿ ಕುಣಿಯಲಾರದವಳು. ಇಲ್ಲಿ ಕುಣಿಯಲಾರದವರ ಸಂಘವೇ ಇದೆ.

ರಾಜರ್ಸ್ ಅಂದ ಕೂಡಲೇ ನನಗೆ ನೆನಪಾಗುವುದು ಆ ಕತ್ತಲೆ ಕೋಣೆ. ಆಟ ಮುಂದುವರಿಸುವುದೋ ಬೇಡವೋ ಎಂದು ಯೋಚಿಸಲು 2023ರ ಫೆಬ್ರವರಿಯಲ್ಲಿ ಆರೆಗನ್‌ನ ಕತ್ತಲೆ ವಾಸಕ್ಕೆ ಹೋಗಿದ್ದರಲ್ಲ, ಅದು. ದುಡ್ಡು ಕೊಟ್ಟು ಕತ್ತಲಲ್ಲಿ ಕೂರುವುದು! ನಮ್ಮೂರಲ್ಲಿ ಲೋಡ್ ಶೆಡ್ಡಿಂಗ್ ಕಾಲದಲ್ಲಿ ನಾವೂ ದಿನಾ ಕೂತಿದ್ದೆವು, ಬಿಟ್ಟಿಯಾಗಿ. ಸೊಳ್ಳೆ ಹೊಡೆದೆವು, ಸೀಮೆಎಣ್ಣೆ ದೀಪಕ್ಕೆ ಬೈದೆವು. ಜೀವನದ ಬಗ್ಗೆ ಯಾವ ತೀರ್ಮಾನಕ್ಕೂ ಬರಲಿಲ್ಲ. ಆ ಕೋಣೆಗೆ ರಾಜರ್ಸ್ ಬದಲು ಜೆಟ್ಸ್ ಆಡಳಿತ ಹೋಗಬೇಕಿತ್ತು. ಅವರಿಗೆ ಹೊಸದೇನೂ ಅನಿಸುತ್ತಿರಲಿಲ್ಲ.

ಹೋಗಲಿ, ಲೈನ್‌ಗೆ ಬರೋಣ. ಐದು ಜನ, ಒಬ್ಬೊಬ್ಬರೂ 140 ಕಿಲೋ. ಚೆಂಡನ್ನು ಹಿಡಿದು ಓಡುವ ಭಾಗ್ಯ ಇಲ್ಲ. ಇವರು ಮದುವೆ ಮನೆ ಅಡುಗೆಯವರಿದ್ದ ಹಾಗೆ. ಸಾರಿಗೆ ಉಪ್ಪು ಜಾಸ್ತಿಯಾದಾಗ ಮಾತ್ರ ‘ಯಾರಯ್ಯಾ ಭಟ್ಟರು’ ಅಂತ ವಿಚಾರಣೆ. ಎದುರಾಳಿಯನ್ನು ಹಿಡಿದೆಳೆದು ಹೋಲ್ಡಿಂಗ್ ಪೆನಾಲ್ಟಿ ಬಿದ್ದಾಗ ರೆಫರಿ ನಂಬರ್ ಕೂಗುತ್ತಾನೆ. ಟೀವಿಯಲ್ಲಿ ಇವರು ಸಿಗುವುದು ಅಷ್ಟೇ. ಈ ಕೆಲಸ ಕಲಿಯೋಕೆ ವರ್ಷಗಳು ಬೇಕು, ಐವರೂ ಅಕ್ಕಪಕ್ಕ ನಿಂತು ಪಳಗಬೇಕು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲಿಗೆ ಹೊಸ ಕಾವಲುಗಾರನನ್ನು ಹುಡುಕಿದರೆ ಸಿಗುವುದು ಬೇರೆ ಕೋಟೆಯಿಂದ ನಿವೃತ್ತನಾದವನೇ. ತಮಾಷೆ ಅಂದ್ರೆ ಇದನ್ನೆಲ್ಲ ನಡೆಸಿದ ಜನರಲ್ ಮ್ಯಾನೇಜರ್ ಜೋ ಡಗ್ಲಸ್ ಕಾಲೇಜಿನಲ್ಲಿ ಸ್ವತಃ ಲೈನ್‌ಮನ್.

ಆ ಡಗ್ಲಸ್ 2020ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ವರ್ಷದ ಸಂತೆ) 11ನೆಯವನಾಗಿ ಆರಿಸಿದ್ದು ಲೈನ್‌ಮನ್ ಮೆಕಾಯ್ ಬೆಕ್ಟನ್‌ನನ್ನು. ಮೊಣಕಾಲು ಎರಡು ಸಲ ಕೈಕೊಟ್ಟಿತು. 2023ರಲ್ಲಿ ವಾಪಸ್ ಬಂದು ಆಡಿದ. ಮುಂದಿನ ವರ್ಷ ‘ಸಾಕಪ್ಪಾ’ ಅಂತ ಬಿಟ್ಟುಬಿಟ್ಟರು. ಹುಡುಗನಿಗಾಗ 25 ತುಂಬಿತ್ತಷ್ಟೆ. ಇದೇ ಟರ್ನ್‌ಪೈಕ್ ಹಿಡಿದು ದಕ್ಷಿಣಕ್ಕೆ ಒಂದೂವರೆ ಗಂಟೆ ಹೋದರೆ ಫಿಲಡೆಲ್ಫಿಯಾ. ಅಲ್ಲಿ ಈಗಲ್ಸ್‌ನ ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್ ಅವನನ್ನು ತುದಿಯಿಂದ ಒಳಗಿನ ಗಾರ್ಡ್ ಜಾಗದಲ್ಲಿ ನಿಲ್ಲಿಸಿದರು. ಅದೇ ಲೈನ್‌ನ ಎಡತುದಿಯ ಜೋರ್ಡನ್ ಮೈಲಾಟಾ ಆಸ್ಟ್ರೇಲಿಯಾದ ರಗ್ಬಿ ಹುಡುಗ. 2018ರಲ್ಲಿ ಏಳನೇ ಸುತ್ತಿನಲ್ಲಿ ತಂದಾಗ ಈ ಆಟವನ್ನೇ ಆಡಿರಲಿಲ್ಲ. 2025ರ ಫೆಬ್ರವರಿಯಲ್ಲಿ ಇಬ್ಬರೂ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದರು, 40-22. ಜೆಟ್ಸ್ ಆ ಸೀಸನ್‌ನಲ್ಲಿ ಗೆದ್ದದ್ದು ಐದು, ಸೋತದ್ದು ಹನ್ನೆರಡು.

ಇಲ್ಲಿಗೆ ನನಗೆ ನಗು ನಿಂತುಹೋಗುತ್ತದೆ. ಕೋಚ್ ರಾಬರ್ಟ್ ಸಾಲೆಯನ್ನು ಅಕ್ಟೋಬರ್‌ನಲ್ಲಿ ತೆಗೆದರು, ಡಗ್ಲಸ್‌ರನ್ನು ನವೆಂಬರ್‌ನಲ್ಲಿ. ಲೈನ್ ಹೊಸದು, ಕೋಚ್ ಹೊಸಬ, ಮ್ಯಾನೇಜರ್ ಹೊಸಬ. 2000ದಲ್ಲಿ 63.5 ಕೋಟಿ ಡಾಲರ್‌ಗೆ ತಂಡ ಕೊಂಡ ವುಡಿ ಜಾನ್ಸನ್ ಮಾತ್ರ ಹಳಬರೇ. 2010ರ ಸೀಸನ್ ನಂತರ ಈ ತಂಡ ಪ್ಲೇಆಫ್ ಮುಖ ನೋಡಿಲ್ಲ, ಆದರೂ ಬೆಲೆ ಹತ್ತು ಪಟ್ಟು ದಾಟಿದೆ. ಅಲ್ಲಾ ಸ್ವಾಮಿ, ಸೋತರೂ ಬೆಲೆ ಏರುತ್ತೆ ಅಂದ್ಮೇಲೆ ಗೋಡೆ ಯಾರಿಗೋಸ್ಕರ ಕಟ್ಟಬೇಕು? ಕುತ್ತಿಗೆ ಹೋಗಿದ್ದು ಸ್ಮಿತ್‌ದು. ಕೆಳಗಿನ ಸಾಲಿನಲ್ಲಿ ಸೀಟು ಬೇಕಂದ್ರೆ, ಟಿಕೆಟ್ ಕೊಳ್ಳುವ ಹಕ್ಕಿಗೇ ಮೊದಲು ದುಡ್ಡು ಕಟ್ಟಿದ್ದು ಇಲ್ಲಿನ ಜನ.

ನಮ್ಮ ಬೀದಿಯಲ್ಲಿ ಮಂಡ್ಯ ಕಡೆಯ ಗೆಳೆಯರೊಬ್ಬರಿದ್ದಾರೆ. 2023ರಲ್ಲಿ ರಾಜರ್ಸ್ ಹೆಸರಿನ 8ನೇ ನಂಬರ್ ಜೆರ್ಸಿ ಕೊಂಡಿದ್ದರು. ಈಗ ಅದನ್ನು ಹಾಕಿಕೊಂಡು ಕಾರು ತೊಳೆಯುತ್ತಾರೆ. 2025ರ ಡ್ರಾಫ್ಟ್ ಮುಗಿದ ಮೇಲೆ ಒಂದು ದಿನ ಸ್ಪಂಜು ಹಿಂಡುತ್ತಾ ಶುರು ಮಾಡಿದರು: “ಹೋದ ಸಲ ಡ್ರಾಫ್ಟಲ್ಲಿ ಫಶಾನು, ಈ ಸಲ ಮೆಂಬೂ. ಎರಡೂ ತುದಿಗೆ ಎಳೇ ಹುಡುಗರು. ಈ ವರ್ಷ ಲೈನ್ ಸರಿಹೋಯ್ತು ನೋಡಿ.”

ನಾನು ಸುಮ್ನೆ ಬಕೆಟ್ ಎತ್ತಿಕೊಟ್ಟೆ.