ಹುಡುಕಲು ಬಂದವರು ಏನನ್ನೂ ಹುಡುಕದ ಚಿತ್ರ

ಕಳೆದ ಭಾನುವಾರ ಚಿಕ್ಕಬಳ್ಳಾಪುರದಲ್ಲಿ ಸಂಜೆಯ ಆಟಕ್ಕೆ ಹೋಗಿ, ಸಣ್ಣ ಬಂಡವಾಳದ ಹೊಸ ಹಾರರ್ ಚಿತ್ರವೊಂದನ್ನು ನೋಡಿ ಬಂದೆ. ಹೊಸಬರ ತಂಡವಾದ್ದರಿಂದ ಚಿತ್ರದ ಹೆಸರನ್ನಾಗಲಿ ನಿರ್ದೇಶಕರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಶಿಡ್ಲಘಟ್ಟದ ಮುಚ್ಚಿಹೋದ ರೇಷ್ಮೆ ಫಿಲೇಚರ್ (ಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆ) ಒಂದರಲ್ಲಿ ಕಥೆ ನಡೆಯುತ್ತದೆ ಎಂದು ಕೇಳಿದ ದಿನದಿಂದ ಅದಕ್ಕಾಗಿ ಕಾದಿದ್ದೆ. ಪರಿಚಯದವರಿಗೆಲ್ಲ ಹೇಳಿ, ಬರಲೊಲ್ಲದ ತಮ್ಮನನ್ನೂ ಒತ್ತಾಯಿಸಿ ಕರೆದುಕೊಂಡು ಹೋಗಿದ್ದೆ. ನನಗಾದ ನಿರಾಶೆಯನ್ನು ವಿವರವಾಗಿ ಹೇಳಬೇಕೆನಿಸಿರುವುದು ಅದಕ್ಕೇ.

ದೆವ್ವಗಳನ್ನು ಪತ್ತೆ ಹಚ್ಚುವವರೆಂದು ಯೂಟ್ಯೂಬ್‌ನಲ್ಲಿ ಹೆಸರು ಮಾಡಿದ ನಾಲ್ವರು ಯುವಕ ಯುವತಿಯರು, ಇಬ್ಬರು ಕೆಲಸಗಾರ್ತಿಯರ ಸಾವಿನ ನಂತರ ಬೀಗ ಬಿದ್ದ ಆ ಫಿಲೇಚರ್‌ನಲ್ಲಿ ಒಂದು ರಾತ್ರಿ ಕಳೆಯಲು ಕ್ಯಾಮೆರಾ, ಮೀಟರುಗಳನ್ನು ಹೊತ್ತು ಬರುತ್ತಾರೆ. ಬೆಳಗಾಗುವ ಹೊತ್ತಿಗೆ ಒಬ್ಬಳು ಮಾತ್ರ ಉಳಿದಿರುತ್ತಾಳೆ. ಕಥೆ ಇಷ್ಟೇ.

ಬಂಡವಾಳ ಕಡಿಮೆಯಾಗಿರುವುದನ್ನು ನಾನು ದೋಷವೆಂದು ಎಣಿಸುವುದಿಲ್ಲ. ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’ಯನ್ನು ಅದರ ನಿರ್ದೇಶಕರು ಸುಮಾರು 15,000 ಡಾಲರ್‌ಗಳಲ್ಲಿ, ತಮ್ಮ ಸ್ವಂತ ಮನೆಯಲ್ಲೇ ಚಿತ್ರೀಕರಿಸಿದ್ದರು; ಮಂಚದ ಎದುರಿಗೆ ನಿಲ್ಲಿಸಿದ ಒಂದು ಕ್ಯಾಮೆರಾ, ತಾನಾಗಿ ಅಲುಗುವ ಒಂದು ಬಾಗಿಲು, ಇವುಗಳಿಂದಲೇ ಅದು ಜಗತ್ತನ್ನು ಹೆದರಿಸಿತು. ನಮ್ಮಲ್ಲೂ 2013ರಲ್ಲಿ ಬಂದ ‘6-5=2’ ದೊಡ್ಡ ತಾರೆಯರಿಲ್ಲದೆ, ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂಬ ರೀತಿಯಲ್ಲಿ ಕಥೆ ಹೇಳಿ ಜನರನ್ನು ಚಿತ್ರಮಂದಿರಕ್ಕೆ ಕರೆತಂದಿತು. ಈ ಚಿತ್ರದ ತಂಡಕ್ಕೆ ಹಣಕ್ಕಿಂತ ಹೆಚ್ಚಾಗಿ ಕೊರತೆಯಾಗಿದ್ದು ಹುಡುಕುವ ಮನಸ್ಸು.

ಒಂದು ದೃಶ್ಯವನ್ನು ಹೇಳುತ್ತೇನೆ. ತಂಡದ ನಾಯಕ ಕೈಯಲ್ಲಿ ಇಎಂಎಫ್ ಮೀಟರ್ ಹಿಡಿದು ಗೋಡೆಯ ಬಳಿಗೆ ಹೋಗುತ್ತಾನೆ, ಮೀಟರಿನ ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ಎಲ್ಲರೂ ಕಿರುಚುತ್ತಾರೆ. ಆದರೆ ಆ ಗೋಡೆಯ ಮೇಲೆ ಹಳೆಯ ಮೇನ್ ಸ್ವಿಚ್ ಬೋರ್ಡು ಪ್ರೇಕ್ಷಕರಿಗೆ ಎದ್ದು ಕಾಣುತ್ತಿದೆ, ಪಕ್ಕದಲ್ಲೇ ಬಲ್ಬೂ ಉರಿಯುತ್ತಿದೆ. ಆ ಮೀಟರು ಅಳೆಯುವುದು ವಿದ್ಯುತ್ಕಾಂತೀಯ ಕ್ಷೇತ್ರವನ್ನು. ವೈರಿಂಗ್, ಮೋಟಾರು, ಟ್ರಾನ್ಸ್‌ಫಾರ್ಮರ್, ಜೇಬಿನಲ್ಲಿರುವ ಮೊಬೈಲ್, ಯಾವುದರ ಹತ್ತಿರ ಹಿಡಿದರೂ ಅದು ದೀಪ ತೋರಿಸಬಹುದು. ನಮ್ಮ ಊರಿನ ಯಾವ ಎಲೆಕ್ಟ್ರಿಷಿಯನ್ ಆದರೂ ಮೊದಲು ಆ ಬೋರ್ಡಿನ ಮುಚ್ಚಳ ತೆಗೆದು ನೋಡುತ್ತಿದ್ದ. ಈ ನಾಲ್ವರಲ್ಲಿ ಯಾರೊಬ್ಬರಾದರೂ ಫ್ಯೂಸ್ ಕಿತ್ತು, ಕಟ್ಟಡವಿಡೀ ಕತ್ತಲಾಗಿ, ಆಮೇಲೂ ಆ ದೀಪ ಉರಿಯುತ್ತಲೇ ಇದ್ದಿದ್ದರೆ ನನ್ನ ಮೈ ನಿಜವಾಗಿ ಜುಮ್ಮೆನ್ನುತ್ತಿತ್ತು. ಸಹಜ ಕಾರಣಗಳೆಲ್ಲ ಒಂದೊಂದಾಗಿ ಸುಳ್ಳಾಗುತ್ತ ಹೋದಾಗ ತಾನೇ ಭಯ ಹುಟ್ಟುವುದು?

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ವಿಕ್ ಟ್ಯಾಂಡಿ ಎಂಬ ಎಂಜಿನಿಯರ್ ತಮ್ಮ ಪ್ರಯೋಗಾಲಯದಲ್ಲಿ ಒಂದು ರಾತ್ರಿ ಕಾರಣವಿಲ್ಲದೆ ಬೆವೆತು, ಕಣ್ಣಂಚಿನಲ್ಲಿ ಬೂದುಬಣ್ಣದ ಆಕೃತಿಯೊಂದನ್ನು ಕಂಡರು. ಮರುದಿನ ಅಲ್ಲಿ ಬಿಗಿಹಿಡಿಯುವ ಇಕ್ಕಳದಲ್ಲಿ ಸಿಕ್ಕಿಸಿದ್ದ ಕತ್ತಿವರಸೆಯ ಅಲಗೊಂದು ತಾನಾಗಿ ಕಂಪಿಸುವುದನ್ನು ನೋಡಿ, ಅದರ ಬೆನ್ನು ಹತ್ತಿ, ಹೊಸದಾಗಿ ಕೂರಿಸಿದ್ದ ಫ್ಯಾನಿನಿಂದ ಹುಟ್ಟುತ್ತಿದ್ದ, ಕಿವಿಗೆ ಕೇಳಿಸದ ಸುಮಾರು 19 ಹರ್ಟ್ಜ್ ಕಂಪನವೇ ಅದಕ್ಕೆ ಕಾರಣವೆಂಬ ತೀರ್ಮಾನಕ್ಕೆ ಬಂದು, 1998ರಲ್ಲಿ ಪ್ರಬಂಧ ಪ್ರಕಟಿಸಿದರು. ಆ ತೀರ್ಮಾನವನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಆದರೆ ಹೆದರಿದ ಮನುಷ್ಯನೊಬ್ಬ ಮರುದಿನ ಅದೇ ಕೋಣೆಗೆ ಮರಳಿ ಹೋಗುವುದರಲ್ಲಿ ಎಂಥ ಕಥೆಯಿದೆ!

ಅಷ್ಟು ದೂರವೂ ಹೋಗಬೇಕಾಗಿಲ್ಲ. ಇದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರೀಕ್ಷಿಸಲು ಸಮಿತಿಯನ್ನೇ ರಚಿಸಿದ್ದರು. ಅಂಥವರ ನೆಲದಲ್ಲಿ ನಡೆಯುವ ಕಥೆಯಲ್ಲಿ, ಪತ್ತೇದಾರರೆಂದು ಹೇಳಿಕೊಳ್ಳುವವರು ಒಂದೇ ಒಂದು ಪ್ರಶ್ನೆ ಕೇಳುವುದಿಲ್ಲವೆಂಬುದು ನನಗೆ ಬಹಳ ನೋವು ತಂದಿತು.

ಇನ್ನು ಆ ಜಾಗದ ವಿಚಾರ. ಚಿತ್ರದ ಮುಕ್ಕಾಲು ಪಾಲು ಫಿಲೇಚರ್ ಒಳಗೇ ನಡೆದರೂ, ಅದೊಂದು ಫಿಲೇಚರ್ ಎಂಬುದು ಫಲಕದಿಂದ ಮಾತ್ರ ತಿಳಿಯುತ್ತದೆ. ನನ್ನ ಚಿಕ್ಕಮ್ಮ ಮದುವೆಗೆ ಮುಂಚೆ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದರು. ದಿನವಿಡೀ ಬಿಸಿನೀರಿನಲ್ಲಿ ಅದ್ದಿ ಬೆಳ್ಳಗೆ ಸುಕ್ಕಾದ ಅವರ ಬೆರಳುಗಳು ನನಗೆ ಇಂದಿಗೂ ನೆನಪಿವೆ. ಎಷ್ಟು ಸೋಪು ಹಚ್ಚಿದರೂ ಹೋಗದ, ಬೆಂದ ಹುಳುವಿನ ವಾಸನೆಯೂ ನೆನಪಿದೆ. ಗೂಡಿನೊಳಗೆ ಜೀವಂತ ಹುಳು ಇರುವಾಗಲೇ ಅದನ್ನು ಕೊಂದು, ಗೂಡನ್ನು ಬೇಯಿಸಿ, ಎಳೆಯ ತುದಿ ಹಿಡಿದು ನೂರಾರು ಮೀಟರ್ ನೂಲು ಎಳೆಯುತ್ತಾರೆ. ಒಂದು ಸೀರೆಗೆ ಸಾವಿರಾರು ಗೂಡು ಬೇಕು. ಲೆಕ್ಕವಿಲ್ಲದಷ್ಟು ಜೀವಗಳು ಬೆಂದುಹೋದ ಕಟ್ಟಡದಲ್ಲಿ ದೆವ್ವದ ಕಥೆ ಹೇಳಲು ಹೊರಟವರಿಗೆ ಇದಕ್ಕಿಂತ ದೊಡ್ಡ ಸಂಪತ್ತು ಬೇಕಿತ್ತೇ? ತಣ್ಣಗಾದ ಬೇಸಿನ್‌ನಲ್ಲಿ ನೀರು ಕುದಿಯುವ ಸದ್ದು ಕೇಳಿಸಿದ್ದರೆ, ಕತ್ತಲಲ್ಲಿ ಒಂದು ಎಳೆ ಕೆನ್ನೆಗೆ ತಾಗಿದ್ದರೆ ಸಾಕಾಗಿತ್ತು. ಅದರ ಬದಲು ನಮಗೆ ಸಿಗುವುದು ಕೂದಲು ಬಿಚ್ಚಿದ ಬಿಳಿ ಸೀರೆಯ ಹೆಂಗಸು, ಮತ್ತು ಪ್ರತಿ ಐದು ನಿಮಿಷಕ್ಕೊಮ್ಮೆ ಕಿವಿ ತೂತಾಗುವಂಥ ಹಿನ್ನೆಲೆ ಸಂಗೀತ.

ನಾನು ಚಿಕ್ಕವನಿದ್ದಾಗ, ತೊಂಬತ್ತರ ದಶಕದಲ್ಲಿ, ನಮ್ಮ ಬೀದಿಯ ಬಾಗಿಲುಗಳ ಮೇಲೆಲ್ಲ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿದ್ದರು. ರಾತ್ರಿ ಪರಿಚಿತರ ದನಿಯಲ್ಲಿ ಕೂಗುವ ದೆವ್ವ ಅದನ್ನು ಓದಿಕೊಂಡು ಹಿಂದಿರುಗುತ್ತದೆ ಎಂಬ ನಂಬಿಕೆ. ಆ ಎರಡು ಪದಗಳು ನನ್ನನ್ನು ಎಷ್ಟೋ ರಾತ್ರಿ ನಿದ್ದೆ ಮಾಡಲು ಬಿಟ್ಟಿರಲಿಲ್ಲ. ಅಮ್ಮ ಅಡುಗೆಮನೆಯಿಂದ ಕರೆದರೂ, ಅದು ಅಮ್ಮನೇ ಹೌದೇ ಎಂದು ಒಂದು ಕ್ಷಣ ಸುಮ್ಮನೆ ನಿಲ್ಲುತ್ತಿದ್ದೆ.

ಆ ಕ್ಷಣದಂಥದ್ದು ಈ ಚಿತ್ರದಲ್ಲಿ ಒಮ್ಮೆ ಮಾತ್ರ ಬರುತ್ತದೆ. ನೀವು ಇಲ್ಲಿ ಏನಾದರೂ ಕಂಡಿದ್ದೀರಾ ತಾತ ಎಂದು ಹುಡುಗಿ ಕೇಳಿದಾಗ, ಮುದಿ ಕಾವಲುಗಾರ ಉತ್ತರಿಸದೆ, ಖಾಲಿ ಬೇಸಿನ್ ಕಡೆ ನೋಡಿ, ಬಿಸಿ ತಾಗಿದವನಂತೆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಆ ಪಾತ್ರ ಮಾಡಿದ ಹಿರಿಯರು ಯಾರೋ ನನಗೆ ಗೊತ್ತಿಲ್ಲ. ಕ್ಯಾಮೆರಾ ಅವರ ಮೇಲೆ ಇನ್ನೊಂದು ನಿಮಿಷ ನಿಲ್ಲಬೇಕಿತ್ತು. ಇದೇ ನಿರ್ದೇಶಕರು ಮತ್ತೊಂದು ಚಿತ್ರ ಮಾಡಿ, ಅದರಲ್ಲಿ ಆ ತಾತನಿಗೆ ದೊಡ್ಡ ಪಾತ್ರ ಕೊಟ್ಟರೆ, ನಾನು ಮೊದಲ ದಿನವೇ ಟಿಕೆಟ್ ತೆಗೆದುಕೊಳ್ಳುತ್ತೇನೆ.