ಸ್ಪಷ್ಟನೆ: ‘ಅಪಘಾತದಲ್ಲಿ ಸಾವಾದ್ರೆ 10 ವರ್ಷ ಜೈಲು, 7 ಲಕ್ಷ ದಂಡ’ ಎಂಬ ಮೆಸೇಜ್ ಸರಿಯಿಲ್ಲ

ಡ್ರೈವರ್‌ಗಳ ವಾಟ್ಸಾಪ್ ಗ್ರೂಪ್‌ಗಳಲ್ಲಿ ಮತ್ತೆ ಓಡಾಡುತ್ತಿರುವ ಮೆಸೇಜ್ ಇದು: ‘ಹೊಸ ಕಾನೂನು ಬಂದಿದೆ, ಗಾಡಿ ತಾಗಿ ಯಾರಾದರೂ ಸತ್ತರೆ 10 ವರ್ಷ ಜೈಲು, 7 ಲಕ್ಷ ದಂಡ.’

ಐಪಿಸಿ ಬದಲಿಗೆ ಬಂದಿರುವ ಕ್ರಿಮಿನಲ್ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 106(1)ರ ಪ್ರಕಾರ, ನಿರ್ಲಕ್ಷ್ಯದಿಂದ ಸಾವಾದರೆ ಗರಿಷ್ಠ 5 ವರ್ಷ ಜೈಲು, ಜೊತೆಗೆ ದಂಡ. ಹಳೆಯ ಐಪಿಸಿ 304ಎ ಅಡಿ ಇದು 2 ವರ್ಷವಿತ್ತು. ಚಿಕಿತ್ಸೆ ಕೊಡುವಾಗ ನೋಂದಾಯಿತ ವೈದ್ಯರಿಂದ ಹೀಗಾದರೆ ಮಾತ್ರ ಈಗಲೂ 2 ವರ್ಷವೇ.

10 ವರ್ಷದ ಮಾತಿರುವುದು 106(2)ರಲ್ಲಿ. ಅದೂ ಡಿಕ್ಕಿ ಹೊಡೆದು, ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸದೆ ಪರಾರಿಯಾದವರಿಗೆ. 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ್ದು ಇದರ ವಿರುದ್ಧವೇ. ಮುಂದಿನ ತಿಂಗಳ ಕೇಂದ್ರದ ಅಧಿಸೂಚನೆಯಲ್ಲಿ, ಜುಲೈ 1ರಿಂದ ಸಂಹಿತೆ ಜಾರಿ, ಆದರೆ 106(2) ಬಿಟ್ಟು ಅಂತ ಸ್ಪಷ್ಟವಾಗಿದೆ. ಇನ್ನು 7 ಲಕ್ಷ? ಆ ಸೆಕ್ಷನ್‌ನಲ್ಲಿ ಅಂಥ ಅಂಕಿಯೇ ಇಲ್ಲ.

‘ನಿಂತರೆ ಜನ ಹೊಡೀತಾರೆ’ ಅನ್ನೋ ಭಯ ಸುಳ್ಳಲ್ಲ ಬಿಡಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಬೇಕು ಎನ್ನುವ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಕೂಡ ಜನರ ಆಕ್ರೋಶವಿದ್ದಾಗ ವಿನಾಯಿತಿ ಕೊಡುತ್ತದೆ. ಆದರೆ ಪೊಲೀಸರಿಗೆ ತಿಳಿಸುವುದು ತಪ್ಪುವುದಿಲ್ಲ.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.